ಯಾರು ಮಾಡಿದ ಕೋಲು

ದತ್ತು ಸತ್ತ ಮೇಲೆ ಅವನದು ಅಂತ ಮನೆಯಲ್ಲಿ ಉಳಿದದ್ದು ಒಂದು ಕೋಲು. ಅವನ ಬಟ್ಟೆಬರೆ ಔರಂಗಾಬಾದಿನ ಬಾಡಿಗೆ ಕೋಣೆಯಲ್ಲೇ ಉಳಿಯಿತು. ತರಲು ಯಾರೂ ಹೋಗಲಿಲ್ಲ. ಕೋಲನ್ನು ಮಾತ್ರ ಅವನೇ ಕೊನೆಯ ದೀಪಾವಳಿಗೆ ನಾಶಿಕಕ್ಕೆ ಹೊತ್ತುಕೊಂಡು ಬಂದು ತಾಯಿ ರಾಧಾಬಾಯಿಯ ಕೈಗೆ ಕೊಟ್ಟಿದ್ದ. ಫೈಬರ್‌ಗ್ಲಾಸಿನದು, ಕಂದು ಬಣ್ಣ, ಆಳಿಗಿಂತ ಎತ್ತರ, ಬುಡದಲ್ಲಿ ಬೂಚಿನ ಹಿಡಿ. "ನಾನೇ ಮಾಡೀನವ್ವಾ. ಹುಳ ಹಿಡಿಯಂಗಿಲ್ಲ, ನೀರು ಕುಡಿಯಂಗಿಲ್ಲ," ಅಂದಿದ್ದ.

ರಾಧಾಬಾಯಿ ಅದನ್ನು ಮಡಿಕೋಲು ಮಾಡಿಕೊಂಡರು. ಬೆಳಗ್ಗೆ ಸ್ನಾನವಾದ ಮೇಲೆ ಹಿಂಡಿದ ಸೀರೆಯನ್ನು ಅದರ ತುದಿಗೆ ಏರಿಸಿ, ಯಾರ ಕೈಗೂ ಸಿಗದಂತೆ ಮಾಳಿಗೆಯ ಸಮಕ್ಕೆ ಎತ್ತರದಲ್ಲಿ ಕಟ್ಟಿದ ಹಗ್ಗಕ್ಕೆ ಹಾಕುವರು. ಹಳೆಯ ಬಿದಿರುಕೋಲು ಒಲೆಗೆ ಹೋಯಿತು. ಮರುವರ್ಷ ಕಾಮಾಲೆಯಾಗಿ ದತ್ತು ಹೋದ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಕೋಲು ತೋರಿಸಿ, "ನಮ್ಮ ಸಣ್ಣಾವ ಮಾಡಿದ್ದು," ಅನ್ನುವುದೇ ಆಯಿತು. ಹಿರಿಯ ಮಗ ರಘೋತ್ತಮ ಪೇಪರು ಬಿಡಿಸಿಕೊಂಡು ಕೂರುತ್ತಿದ್ದ. ಬ್ಯಾಂಕಿನ ವರ್ಗದ ಮೇಲೆ ಬಾಗಲಕೋಟೆಯಿಂದ ಬಂದವನು. ಮನೆಯ ದುಡಿಮೆ ಅವನದೇ. ಮೆಟ್ರಿಕ್ಕೂ ದಾಟದ, ಯಾವ ಕೆಲಸದಲ್ಲೂ ನಿಲ್ಲದ ತಮ್ಮ ಇಂಥದ್ದೊಂದನ್ನು ಮಾಡಿದ ಅನ್ನುವುದು ಅವನ ಗಂಟಲಲ್ಲಿ ಇಳಿದೇ ಇರಲಿಲ್ಲ.

ಒಂದು ಭಾನುವಾರ ಬ್ಯಾಂಕಿನ ಜಯಕರ ಚಹಾಕ್ಕೆ ಬಂದ. ರಜೆ ಸಿಕ್ಕರೆ ಗಂಗಾಪುರ ಡ್ಯಾಮಿನ ದಂಡೆಯಲ್ಲಿ ಗಾಳ ಹಾಕಿ ಕೂರುವ ಮನುಷ್ಯ. ಮೂಲೆಯಲ್ಲಿದ್ದ ಕೋಲನ್ನು ಕಂಡದ್ದೇ ಹೋಗಿ ಎತ್ತಿಕೊಂಡ.

"ಹಾತ್ ಲಾವೂ ನಕಾ!" ಮುಟ್ಟಬೇಡಿ ಅಂತ ಒಳಗಿನಿಂದ ರಾಧಾಬಾಯಿ ಮರಾಠಿಯಲ್ಲಿ ಕೂಗಿದರು. ಅಷ್ಟರಲ್ಲಿ ಅವನು ಮುಟ್ಟಿ, ಗಾಳಿಯಲ್ಲಿ ಬೀಸಿಯೂ ಆಗಿತ್ತು.

"ಅರೆ ರಘೋತ್ತಮರಾವ್, ಬ್ರಾಹ್ಮಣರ ಮನೆಯಲ್ಲಿ ಮೀನಿನ ಗಾಳ!" ಮರಾಠಿಯಲ್ಲೇ ನಕ್ಕ. "ಗೋರಾ ಸಾಹೇಬರು ಪುಕ್ಕದಲ್ಲಿ ಮಾಡಿದ ನೊಣ ಕಟ್ಟಿ ಮೀನು ಹಿಡೀತಾರಲ್ಲ, ಆ ಗಾಳದ ಕೋಲು ಇದು. ಈ ದಾರದ ಸುತ್ತು ನೋಡಿ, ಇಲ್ಲೆಲ್ಲ ನೂಲು ಹಾಯಲು ಉಂಗುರ ಇದ್ದವು, ಯಾರೋ ಕಿತ್ತಿದ್ದಾರೆ. ಹಿಡಿಯ ಮೇಲೆ ಕಂಪನಿ ಹೆಸರು ಶಾಯಿಯಲ್ಲಿ ಬರೆದಿರುತ್ತೆ. ಇಲ್ಲಿ ಕಾಣೋದಿಲ್ಲ, ಅಳಿಸಿಹೋಗಿರಬೇಕು."

"ನನ್ನ ತಮ್ಮ ಔರಂಗಾಬಾದಿನ ಫೈಬರ್ ಶೆಡ್ಡಿನಲ್ಲಿ ಮಾಡಿದ್ದಂತೆ," ಅಂದ ರಘೋತ್ತಮ.

"ಛೇ! ವಿಲಾಯತಿ ಮಾಲು. ಶೆಡ್ಡಿನಲ್ಲಿ ಕೂತು ಮಾಡೋದಲ್ಲ ಇದು."

ರಾಧಾಬಾಯಿ ಬಾಗಿಲಲ್ಲೇ ನಿಂತಿದ್ದರು. ಮರಾಠಿ ಅವರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಜಯಕರ ಹೋದ ಮೇಲೆ ತಲೆಗೆ ನೀರು ಹಾಕಿಕೊಂಡು ಬಂದು ಕೂತರು. ಮಡಿಸೀರೆಗೆ ಮೀನು ತಗುಲಿದ್ದರ ಸುದ್ದಿ ಎತ್ತಲಿಲ್ಲ.

"ಹಂಗಾದ್ರ ದತ್ತು ನನ್ನ ಮುಂದ ಸುಳ್ಳು ಹೇಳಿದನೇನೋ?"

"ಹೇಳಿರಬಹುದವ್ವಾ."

"ಇರಬಹುದು ಅಂತ ಅನಬ್ಯಾಡ. ಅವ ಕೆಲಸ ಮಾಡಿದಲ್ಲೆ ಹೋಗು. ಯಾರು ಮಾಡಿದ್ದು, ಕೇಳಿಕೊಂಡು ಬಾ."

ಅವನು ನಾಳೆ, ಮುಂದಿನ ವಾರ ಅಂದ. ರಾಧಾಬಾಯಿ ಕೋಲನ್ನು ಮುಟ್ಟಲೂ ಇಲ್ಲ, ಎಸೆಯಲೂ ಬಿಡಲಿಲ್ಲ. ಹಸಿ ಸೀರೆಯನ್ನು ಬಚ್ಚಲ ಗೋಡೆಗೆ ಹಾಕಿ, ಒಣಗುವವರೆಗೂ ಅದರ ಮುಂದೆ ಕಾವಲು ಕೂರುತ್ತಿದ್ದರು. ಊಟ ಕಡಿಮೆಯಾಯಿತು. ಬಂದವರಿಗೆ ಏನನ್ನೂ ತೋರಿಸಲಿಲ್ಲ. ಕೊನೆಗೆ ರಘೋತ್ತಮ ರಜೆ ಹಾಕಿದ.

ಕೋಲಿನ ನಡುವೆ ಒಂದು ಜೋಡಣೆ ಇತ್ತು, ಆದರೆ ಎಷ್ಟು ತಿರುವಿದರೂ ಬಿಚ್ಚಲಿಲ್ಲ. ಇಡೀ ಉದ್ದವನ್ನೇ ಎಸ್‌ಟಿ ಬಸ್ಸಿನೊಳಗೆ ಓರೆಯಾಗಿ ಹಿಡಿದು ಕೂತ. ಅದು ಎಲೆಕ್ಷನ್ ವರ್ಷ. "ಕಾಯ್ ಸಾಹೇಬ್, ಯಾವ ಪಾರ್ಟಿ ಝೆಂಡಾ?" ಅಂತ ಕಂಡಕ್ಟರ್ ಕೆಣಕಿದ. ವೈಜಾಪುರದವರೆಗೂ ಬಸ್ಸು ಅದನ್ನೇ ಹೇಳಿ ನಕ್ಕಿತು. ಔರಂಗಾಬಾದಿನಲ್ಲಿ ಗೋಡೆಗಳ ಮೇಲೆ ಊರಿನ ಹೊಸ ಹೆಸರು, ಬಸ್ಸಿನ ಬೋರ್ಡಿನ ಮೇಲೆ ಹಳೆಯದು.

ಚಿಕಲಠಾಣಾದ ಆ ಶೆಡ್ಡಿನಲ್ಲಿ ಕೂಲರ್ ಡಬ್ಬಿ, ನೀರಿನ ಟಾಕಿಯ ಮುಚ್ಚಳ ಮಾಡುತ್ತಿದ್ದರು. ರಾಳದ ವಾಸನೆಗೆ ಕಣ್ಣು ಉರಿಯುತ್ತಿತ್ತು. ಮಾಲೀಕ ಚನಬಸಪ್ಪ ಬೀದರ ಕಡೆಯವನು, ಹಣೆಯ ವಿಭೂತಿಯ ಮೇಲೂ ಧೂಳು. ರಘೋತ್ತಮ ತನ್ನ ಹೆಸರು ಹೇಳುವ ಮೊದಲೇ ಕೋಲಿಗೆ ಕೈ ಚಾಚಿದ.

"ಇದು ಇನ್ನಾ ಅದಾ ಏನ್ರೀ?"

"ಯಾರು ಮಾಡಿದ್ದು ಇದು? ದತ್ತು ನನ್ನ ತಮ್ಮ."

ಚನಬಸಪ್ಪ ಕೋಲನ್ನು ಬಾಗಿಲ ಬಿಸಿಲಿಗೆ ಹಿಡಿದ. ಜೋಡಣೆಯ ಮೇಲಿನ ಅರ್ಧ ತೆಳ್ಳಗೆ, ಜೇನಿನಂತೆ ಬೆಳಕು ಹಾಯುತ್ತಿತ್ತು. ಕೆಳಗಿನ ಅರ್ಧ ಕಪ್ಪಗೆ. ಗಾಜಿನ ಎಳೆಯ ಅರಿವೆ ಸುತ್ತಿದ ಅಂಚು ಹಗ್ಗದ ಹುರಿಯ ಹಾಗೆ ಏರಿಹೋಗಿತ್ತು. ರಘೋತ್ತಮನ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಎಳೆದ. ಗಂಟು ಗಂಟು.

"ಮ್ಯಾಲಿಂದು ಮಷೀನ್ ಮಾಲು. ತಳಗಿಂದು ನಿಮ್ಮ ದತ್ತೂಂದು. ಕಂಟೋನ್ಮೆಂಟ್ ಛಾವಣಿಯ ಒಬ್ಬ ಮುದುಕ ಮಿಲಿಟರಿ ಸಾಹೇಬ, ಜೀಪಿನ ಬಾಗಲದಾಗ ಸಿಕ್ಕಿ ಗಾಳ ಮುರೀತು ಅಂತ ತಂದಿದ್ದ. ಇದು ನಮ್ಮ ಕಾಮ ಅಲ್ಲಂದೆ. ದತ್ತು ನಾ ಮಾಡ್ತೀನಂದ. ಸರಳಿಗಿ ಮೇಣ ಹಚ್ಚಿ ಅರಿವಿ ಸುತ್ತಿ, ರಾಳ ಹಚ್ಚಿ, ಮತ್ತ ಸುತ್ತಿ... ಮುರೀಬಾರದು ಅಂತ ಸುತ್ತಿದ್ದೇ ಸುತ್ತಿದ್ದು."

"ಆಮ್ಯಾಲೆ?"

"ಸಾಹೇಬ ಬಂದು ಬೀಸಿ ನೋಡಿದ. ಗಾಳ ಬಾಗಬೇಕ್ರಿ. ಇದು ಬಾಗಲೇ ಇಲ್ಲ. 'ನಾನು ಕೊಟ್ಟಿದ್ದು ಗಾಳ, ನೀವು ಕೊಡ್ತಿರೋದು ಲಾಠಿ' ಅಂದು ಇಲ್ಲೇ ಚೆಲ್ಲಿ ಹೋದ."

"ಕಂಪನಿ ಹೆಸರು?"

"ಮುರದ ತುಂಡಿನ ಮ್ಯಾಲ ಇತ್ತು. ಅದು ಕಸದಾಗ ಹೋತು. ಈ ಮ್ಯಾಲಿನದು ಯಾವ ದೇಶದ್ದೋ ಇನ್ನ ಯಾರಿಗೂ ತಿಳಿಯಂಗಿಲ್ಲ." ಚನಬಸಪ್ಪ ಕೋಲನ್ನು ಮರಳಿಸಿದ. "ನಾ ಭಾಳ ಬೈದೆರಿ. ಎಲ್ಲಾರ ಮುಂದ. ರಾಳ ಹಾಳ ಮಾಡಿದಿ, ನಿನಗ ಇರೂವು ಕೈ ಅದಾವೋ ಕಾಲ ಅದಾವೋ ಅಂದೆ. ಒಯ್ಯಲೇನು ಸಾವಕಾರ್ರ ಅಂದ. ಒಯ್ಯೋ ಮಾರಾಯಾ ಅಂದೆ."

"ಬ್ಯಾರೆ ಏನರೆ ಮಾಡ್ಯಾನೇನು?"

"ಬ್ಯಾರೆ ಏನ ಮಾಡ್ತಾನ್ರೀ. ಕೂಲರ್ ಉಜ್ಜತಿದ್ದ."

ಸಂಜೆ ಮನೆಗೆ ಬಂದು ರಘೋತ್ತಮ ಇದ್ದದ್ದು ಇದ್ದ ಹಾಗೆ ಹೇಳಿದ. ಕಡಿಮೆ ಮಾಡಲಿಲ್ಲ, ಹೆಚ್ಚು ಮಾಡಲಿಲ್ಲ. ರಾಧಾಬಾಯಿ ಮಡಿಚಿದ ಕಾಲು ಬಿಚ್ಚದೆ ಕೇಳಿದರು.

"ಎಲ್ಲಾರ ಮುಂದ ಬೈದರಂತೇನು?"

"ಹೌದು."

"ಹಂಗಾದ್ರ ಅವ ಮಾಡಿದ್ದು ಖರೇ." ಮಗನತ್ತ ತಿರುಗಿ, "ಇಲ್ಲೆ ನೀ ಬೈಯ್ತಿದ್ದಿ, ಅಲ್ಲೆ ಅವರು," ಅಂದರು. ದನಿ ಏರಲಿಲ್ಲ. ರಘೋತ್ತಮ ಕೋಲಿನ ಜೋಡಣೆಯ ಮೇಲೆ ಬೆರಳಿಟ್ಟ.

"ಮ್ಯಾಲಿನ ಅರ್ಧ ಮೀನಿಂದವ್ವಾ. ಬಿಡಿಸಲಿಕ್ಕೆ ಬರಂಗಿಲ್ಲ, ರಾಳ ಹಾಕಿ ಅಂಟಿಸಿಬಿಟ್ಟಾನ. ಬೇಕಂದ್ರ ಗರಗಸದಿಂದ ಕೊಯ್ದು..."

"ಅವ ಅಂಟಿಸಿದ್ದು ನೀ ಕೊಯ್ಯಬ್ಯಾಡ."

ರಾತ್ರಿ ಅವನು ಕೋಲನ್ನು ಹಿತ್ತಲಿಗೊಯ್ದು ಇಟ್ಟ. ಬೆಳಗ್ಗೆ ರಘೋತ್ತಮ ಏಳುವಷ್ಟರಲ್ಲಿ ರಾಧಾಬಾಯಿಯ ಸ್ನಾನವಾಗಿತ್ತು. ಹಿತ್ತಲ ಬಾಗಿಲಲ್ಲಿ, ಕೋಲಿಗೆ ತಗುಲದಂತೆ ಸೆರಗು ಬಿಗಿಹಿಡಿದು ನಿಂತಿದ್ದರು. ಕೋಲು ಹಿತ್ತಲ ಗೋಡೆಗೆ ಒರಗಿತ್ತು, ಪಕ್ಕದ ಬುಟ್ಟಿಯಲ್ಲಿ ಅವನದೇ ಒಗೆದ ಅಂಗಿ, ಬನಿಯನ್.

"ಇನ್ನ ನಾ ಅದನ್ನ ಮುಟ್ಟಂಗಿಲ್ಲ, ಮಡಿಗೆ ಬರಂಗಿಲ್ಲ ಅದು," ಅಂದರು. "ನೀ ಮುಟ್ಟು. ದಿನಾ ನಿನ್ನ ಅರಿವಿ ಅದರಿಂದ ನೀನ ಹಾಕು. ಸುಮ್ಮನ ನಿಂತು ಹಾಳಾಗಬಾರದು."

ರಘೋತ್ತಮ ಬೂಚಿನ ಹಿಡಿಯನ್ನು ಹಿಡಿದ. ಅಂಗಿಯನ್ನು ತುದಿಗೆ ಏರಿಸಿ ಬಟ್ಟೆ ಒಣಹಾಕುವ ತಂತಿಯತ್ತ ಎತ್ತಿದ. ಅಂಗಿ ಜಾರಿ ಮಣ್ಣಿಗೆ ಬಿತ್ತು. ಕೊಡವಿ ಮತ್ತೆ ಎತ್ತಿದ, ಮತ್ತೆ ಬಿತ್ತು.

"ಕಾಲರಿಗೆ ಚುಚ್ಚಬ್ಯಾಡ," ತಾಯಿ ದೂರದಿಂದಲೇ ಹೇಳಿದರು. "ನಡುವ ಹಾಕಿಕೊಂಡು ಎತ್ತು. ಎರಡೂ ಕೈಲೆ. ಹಾಂ, ಇನ್ನೊಂದ್ಸಲ."