ಚುಕ್ಕೆ ಇಲ್ಲದ ಊರು

ನೆಲ್ಲಿಬೆಟ್ಟಿನ ವಿಠಲ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು, ಉದ್ದದ ಕೊಕ್ಕೆ ಹಿಡಿದು ಹೊರಡುತ್ತಿದ್ದ. ಕಾರ್ಕಳದಿಂದ ಒಂಬತ್ತು ಕಿಲೋಮೀಟರು ಒಳಗಿನ ಆ ಊರಿನಲ್ಲಿ ನಲವತ್ತೆರಡು ಮನೆಗಳು. ಒಂದೊಂದು ಮನೆಯ ಹಿತ್ತಿಲಿಗೂ ಹೋಗಿ, ತೆಂಗಿನ ತಗ್ಗಿನ ಮಡಲನ್ನು, ಆ ಉದ್ದದ ಗರಿಯನ್ನು, ಕೊಕ್ಕೆಯಿಂದ ಎಳೆದು, ಎಲೆಯ ಅಡಿ ಮಗುಚಿ ನೋಡುತ್ತಿದ್ದ. ಹಿಟ್ಟು ಎರಚಿದ ಹಾಗೆ ಬಿಳಿ ಏನಾದರೂ ಉಂಟಾ? ಇಲ್ಲ. ಮುಂದಿನ ಮರ. ಅಲ್ಲಿಯೂ ಇಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕತ್ತು ನೋಯುತ್ತಿತ್ತು. ಎಂಟು ತಿಂಗಳಿನಿಂದ ಅವನು ಹೀಗೆ ನೋಡುತ್ತಿದ್ದ. ಎಂಟು ತಿಂಗಳಿನಿಂದಲೂ ಊರು ಶುದ್ಧವಾಗಿತ್ತು.

ಈ ಕೆಲಸ ಅವನಿಗೆ ಬಂದದ್ದು ಜುಮಾನಾಳಿಂದ. ಅವಳು ಕಾಪುವಿನವಳು. ಮಣಿಪಾಲದಲ್ಲಿ ಓದಿ, ಅಲ್ಲಿಯೇ ಮೂರು ಜನರ ಒಂದು ಸಣ್ಣ ತಂಡ ಕಟ್ಟಿಕೊಂಡು 'ಮಡಲು ಕಾವಲು' ಎಂಬ ಆ್ಯಪ್ ಮಾಡಿದ್ದಳು. ಹೊರದೇಶದಿಂದ ಬಂದ ಬಿಳಿನೊಣವೊಂದು ಕರಾವಳಿಯ ತೆಂಗಿಗೆ ಹಿಡಿದು ವರ್ಷಗಳಾಗಿದ್ದವು. ಅದು ಎಲೆಯ ಅಡಿ ಕುಳಿತು ರಸ ಹೀರುತ್ತದೆ, ಅಂಟು ಸುರಿಸುತ್ತದೆ. ಅಂಟು ಬಿದ್ದಲ್ಲೆಲ್ಲ ಕಪ್ಪು ಬೂಸ್ಟು ಬೆಳೆದು ಕೆಳಗಿನ ಬಾಳೆ, ಬಾವಿಕಟ್ಟೆ, ಒಣಗಲು ಹಾಕಿದ ಬಟ್ಟೆ ಎಲ್ಲ ಮಸಿಯಾಗುತ್ತದೆ. ವಿಷ ಹೊಡೆದರೆ ನೊಣ ಒಂದು ತಿಂಗಳಲ್ಲಿ ಮತ್ತೆ ಬರುತ್ತದೆ. ಅದರ ಮರಿಗಳ ಒಳಗೆ ಮೊಟ್ಟೆಯಿಟ್ಟು ಕೊಲ್ಲುವ ಧೂಳಿನಷ್ಟು ಸಣ್ಣ ಕಣಜ ಮಾತ್ರ ಸತ್ತೇ ಹೋಗುತ್ತದೆ. ಹಾಗಾಗಿ ಜನರು ನೊಣ ಕಂಡಲ್ಲಿ ಫೋಟೋ ಹಾಕಬೇಕು, ನಕ್ಷೆಯಲ್ಲಿ ಕೆಂಪು ಚುಕ್ಕೆ ಬೀಳಬೇಕು, ಕಣಜ ಇರುವ ಊರಿನ ಒಂದು ಮಡಲು ಕಣಜ ಇಲ್ಲದ ಊರಿಗೆ ಹೋಗಬೇಕು. ಜುಮಾನಾಳ ಲೆಕ್ಕಾಚಾರ ಅಷ್ಟೇ ಸರಳವಾಗಿತ್ತು. ಜನರಿಗೆ ಹುಮ್ಮಸ್ಸು ಬರಲೆಂದು ಒಂದೊಂದು ಫೋಟೋಗೆ ಹತ್ತು ಅಂಕ ಇಟ್ಟಿದ್ದಳು. ಯಾವ ಊರು ಮುಂದೆ, ಯಾವುದು ಹಿಂದೆ ಎಂಬ ಪಟ್ಟಿಯೂ ಇತ್ತು.

ಮಳೆಗಾಲ ಮುಗಿದ ಮೇಲೆ ಎಲ್ಲ ಊರಿನ ಕಾವಲಿನವರನ್ನು ಮಣಿಪಾಲಕ್ಕೆ ಕರೆದಿದ್ದರು. ಪರದೆಯ ಮೇಲೆ ಪಟ್ಟಿ ಬಂತು. ಮಟ್ಟುವಿನ ಅಣ್ಣು ಮೊದಲಿಗ. ಮುನ್ನೂರಕ್ಕೂ ಮಿಕ್ಕಿ ಫೋಟೋ. ಕೊನೆಯ ಸಾಲಿನಲ್ಲಿ ನೆಲ್ಲಿಬೆಟ್ಟು, ಎದುರಿಗೆ ಸೊನ್ನೆ. ನಕ್ಷೆಯಲ್ಲಿ ಅದು ಬೂದು ಬಣ್ಣದಲ್ಲಿತ್ತು, ಯಾರೂ ಸೇರದ ಊರುಗಳ ಹಾಗೆ.

"ವಿಠಲಣ್ಣ, ನಿಮ್ಮ ಊರಿಗೆ ಕರೆಂಟ್ ಬಂದಿದೆಯಾ?" ಕಲ್ಯಾಣಪುರದ ಲಿಯೋನೆಲ್ ಹಿಂದಿನ ಕುರ್ಚಿಯಿಂದ ಕೇಳಿದ.

"ನಮ್ಮಲ್ಲಿ ಹುಳ ಇಲ್ಲ ಮಾರಾಯ್ರೆ."

"ಹುಳ ಇಲ್ಲವಾ, ನೋಡುವವರು ಇಲ್ಲವಾ?"

ಎಲ್ಲರೂ ನಕ್ಕರು. ಜುಮಾನಾಳೂ ನಕ್ಕಳು. ವಿಠಲ ಎದ್ದು ನಿಂತು ಅವಳನ್ನು ಕೇಳಿದ: "ಇಲ್ಲ ಅಂತ ಹಾಕಲಿಕ್ಕೆ ಇದರಲ್ಲಿ ಜಾಗ ಇಲ್ಲವಾ ಮೇಡಂ?"

"ಇಲ್ಲದಿದ್ದರೆ ಎಂತ ಹಾಕುವುದು ವಿಠಲಣ್ಣ? ಕಂಡಾಗ ಹಾಕಿದರೆ ಸಾಕು."

ಅವನು ಕುಳಿತುಕೊಂಡ.

ಆ ಮಧ್ಯಾಹ್ನ ನೊಣ ಹಿಡಿದ ಮರ ತೋರಿಸಲು ಎಲ್ಲರನ್ನೂ ವ್ಯಾನಿನಲ್ಲಿ ಕಾಪುವಿಗೆ, ಜುಮಾನಾಳ ಮನೆಗೇ ಕರೆದುಕೊಂಡು ಹೋದರು. ಅವಳ ಉಮ್ಮ ಕುಂಞಿಪಾತುಮ್ಮ ಎಲ್ಲರಿಗೂ ಚಹಾ ಕೊಟ್ಟರು. ಮರಗಳು ನೋಡುವ ಹಾಗೆ ಇರಲಿಲ್ಲ. ಅಂಗಳದ ಒಂದು ಬದಿ ಇಡೀ ಕಪ್ಪಾಗಿತ್ತು. ಉಳಿದವರು ವ್ಯಾನಿನ ಕಡೆ ಹೋಗುವಾಗ ವಿಠಲ ಹಿಂದೆ ಉಳಿದ.

"ಪಾತುಮ್ಮಕ್ಕ, ಒಂದು ಮಡಲು ಸಿಗಬಹುದಾ? ನಮ್ಮ ಊರಿನವರು ಈ ಹುಳ ಕಂಡೇ ಇಲ್ಲ. ತೋರಿಸಲಿಕ್ಕೆ."

"ಒಂದು ಎಂತಕ್ಕೆ? ಎರಡು ತೆಗೆದುಕೊಂಡು ಹೋಗಿ. ನನಗೆ ಗುಡಿಸುವುದಾದರೂ ಕಡಿಮೆಯಾಗಲಿ," ಎಂದರು ಅವರು. ತಾವೇ ಕತ್ತಿ ತಂದು ಕೊಟ್ಟರು. ಕಡಿದ ಮಡಲುಗಳನ್ನು ಮಡಚಿ ಸಿಮೆಂಟಿನ ಖಾಲಿ ಚೀಲಕ್ಕೆ ತುಂಬಿಸಲು ಕೈ ಹಾಕಿದರು. ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ.

ಮರುದಿನ ವಿಠಲ ತನ್ನ ಹಿತ್ತಿಲಿನ ಮರದ ಮಡಲಿಗೆ ಕಾಪುವಿನ ಮಡಲನ್ನು ತಾಗಿಸಿ ಹಿಡಿದು ನಾಲ್ಕು ಫೋಟೋ ತೆಗೆದ. ಮೊಬೈಲಿನ ನಕ್ಷೆಯಲ್ಲಿ ನೆಲ್ಲಿಬೆಟ್ಟಿನ ಮೇಲೆ ಕೆಂಪು ಚುಕ್ಕೆ ಬಿತ್ತು. ಹೆಸರಿನ ಎದುರು ನಲವತ್ತು ಬಂತು. ಜುಮಾನಾ ಕೂಡಲೇ ಫೋನ್ ಮಾಡಿದಳು. "ಒಳ್ಳೆಯದಾಯಿತು ವಿಠಲಣ್ಣ," ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಂದರೆ, ಒಳ್ಳೆಯದಲ್ಲ, ಆದರೆ ಬೇಗ ಗೊತ್ತಾಯಿತಲ್ಲ," ಎಂದಳು. ಅವನು ಹೂಂ ಎಂದ.

ಮಡಲುಗಳನ್ನು ಸಂಜೆ ಸುಡುವ ಎಂದುಕೊಂಡು ಅವನು ದನದ ಹಟ್ಟಿಯ ಗೋಡೆಗೆ ಒರಗಿಸಿ ಗದ್ದೆಗೆ ಹೋಗಿದ್ದ. ತಿರುಗಿ ಬಂದಾಗ ಅವು ಅಲ್ಲಿರಲಿಲ್ಲ.

ಪಕ್ಕದ ಮನೆ ವಾರಿಜಾಳದ್ದು. ದೊಡ್ಡಮ್ಮನ ಮಗಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು. ತೆಂಗಿನ ಸಸಿ ಮಾಡಿ ಮಾರುವುದೇ ಅವಳ ಬದುಕು. ಅಂಗಳದ ಆಚೆ ಆರುನೂರು ಸಸಿಗಳ ಪಾತಿ. ಕಾಪು, ಉಡುಪಿ ಕಡೆಯ ಸಸಿಗಳಲ್ಲಿ ನೊಣ ಬರಬಹುದೆಂಬ ಹೆದರಿಕೆಗೆ ಹೆಬ್ರಿಯವರು, ಕಾರ್ಕಳದವರು ಇವಳಲ್ಲಿಗೇ ಬರುತ್ತಿದ್ದರು. ಎಳೆ ಸಸಿಗೆ ಬಿಸಿಲು ಬೀಳದಂತೆ ಮೇಲೆ ಹಸಿ ಮಡಲು ಹೊದಿಸುವುದು ಅಲ್ಲಿಯ ಕ್ರಮ. ಯಾರ ಹಟ್ಟಿಯ ಬದಿಯಲ್ಲಿ ಮಡಲು ಬಿದ್ದಿದ್ದರೂ ಕೇಳದೆ ತರುವುದೂ ಕ್ರಮವೇ.

ವಿಠಲ ಬೇಲಿಯ ಹತ್ತಿರ ನಿಂತು ನೋಡಿದ. ಎರಡೂ ಮಡಲುಗಳು ಪಾತಿಯ ನಡುವೆ ಚಪ್ಪರದ ಮೇಲೆ ಬಿದ್ದಿದ್ದವು. ಬೂಸ್ಟಿನ ಕಪ್ಪು ಮೇಲೆ, ಬಿಳಿ ಕೆಳಗೆ, ಸಸಿಗಳ ಕಡೆಗೆ. ಹಳೆಯ ಮಡಲು ಮಳೆಗೆ ಕಪ್ಪಾಗುವುದು ಉಂಟು. ವಾರಿಜಾ ಮಗುಚಿ ನೋಡಿರಲಿಲ್ಲ.

"ಎಂತ ವಿಠಲ, ಹಾಗೆ ನಿಂತದ್ದು?" ಅವಳು ನೀರು ಹಾಕುತ್ತಾ ಕೇಳಿದಳು.

ತೆಗಿ ಅಕ್ಕ ಎನ್ನಬೇಕಾಗಿತ್ತು. ತೆಗಿ ಎಂದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದರೆ, ಎಲ್ಲಿಂದ ತಂದದ್ದು, ಎಂತಕ್ಕೆ ತಂದದ್ದು ಎಂದೂ ಹೇಳಬೇಕು.

"ಏನಿಲ್ಲ. ಮಳೆ ಬರುತ್ತದೋ ಅಂತ ನೋಡಿದೆ," ಎಂದ.

ಎರಡು ದಿನ ಬಿಟ್ಟು ಅವಳು ಪೇಟೆಗೆ ಹೋದ ಹೊತ್ತಿನಲ್ಲಿ ಅವನು ಬೇಲಿ ದಾಟಿ ಅವುಗಳನ್ನು ಎಳೆದು ತಂದು ಸುಟ್ಟ. ಅಷ್ಟರಲ್ಲಿ ಬಿಳಿ ರೆಕ್ಕೆಯ ಸಣ್ಣ ಜೀವಗಳು ಸಸಿಗಳ ಅಡಿ ಸೇರಿದ್ದವು. ಆ ಭಾನುವಾರ ಅವನು ಊರು ಸುತ್ತಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.

ಏಳು ವಾರದ ಮೇಲೆ ಅವನೇ ಜುಮಾನಾಳಿಗೆ ಫೋನ್ ಮಾಡಿ, ವಾರಿಜಾಳ ಸಸಿಗಳಿಗೆ ನೊಣ ಹಿಡಿದಿದೆ ಎಂದ. ಅವಳು ಕಾಪುವಿನಲ್ಲಿ ಕಣಜ ಚೆನ್ನಾಗಿ ಹಿಡಿದಿದ್ದ ಮಡಲುಗಳನ್ನು ಆರಿಸಿ, ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಬಂದಳು. ರಸ್ತೆಯಿಂದ ಮನೆಗೆ ನಡೆಯುವ ದಾರಿಯಲ್ಲಿ ಅವನು ಎಲ್ಲವನ್ನೂ ಹೇಳಿದ, ಅವಳ ಮುಖ ನೋಡದೆ. ಆ್ಯಪಿನಲ್ಲಿ 'ಇಲ್ಲ' ಎಂದು ಹಾಕಲು ಒಂದು ಗುಂಡಿ ಇಡುವುದು ಅರ್ಧ ಗಂಟೆಯ ಕೆಲಸವಾಗಿತ್ತು ಎಂದುಕೊಂಡಳು ಅವಳು.

"ವಾರಿಜಕ್ಕನಿಗೆ ಹೇಳಿದಿರಾ?"

"ನೀವು ಮೊದಲು ಈ ಮಡಲು ಕಟ್ಟಿಬಿಡಿ. ಆಮೇಲೆ ಹೇಳುತ್ತೇನೆ. ಖಂಡಿತ ಹೇಳುತ್ತೇನೆ."

ವಾರಿಜಾ ಪಾತಿಯ ತಲೆಯಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಹೆಚ್ಚುಕಡಿಮೆ ಎಲ್ಲ ಸಸಿಗಳ ಅಡಿಯಲ್ಲೂ ಬಿಳಿ ಸುರುಳಿಗಳು.

"ಬನ್ನಿ ಮೇಡಂ. ನಿಮ್ಮ ನಕ್ಷೆ ನೋಡಿ ಹೆಬ್ರಿಯವರು ಫೋನ್ ಮಾಡಿದರು. ನಮ್ಮ ಊರಿನಲ್ಲೂ ಚುಕ್ಕೆ ಬಿದ್ದಿದೆಯಂತೆ, ಸಸಿ ಬೇಡವಂತೆ. ನಾನು ಅವರನ್ನು ಬೈದೆ. ಬೈದ ಮೇಲೆ ಮಗುಚಿ ನೋಡಿದ್ದು." ಅವಳು ಒಂದು ಎಲೆ ಎತ್ತಿ ಬಿಟ್ಟಳು. "ಇದು ಎಲ್ಲಿಂದ ಬಂತು? ನಿಮ್ಮ ಮೊಬೈಲಿಗೆ ಗೊತ್ತಿರಬೇಕಲ್ವಾ?"

ಜುಮಾನಾ ವಿಠಲನ ಕಡೆ ನೋಡಿದಳು. ಅವನು ಸಸಿಗಳನ್ನು ನೋಡುತ್ತಿದ್ದ.

"ಕಾಪುವಿನಿಂದ," ಎಂದಳು ಅವಳು. "ನಮ್ಮ ಮನೆಯ ಮರದಿಂದ."

ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದು ಅವನು ಹೇಳಲಿ ಎಂದು ಕಾದಳು. ಅವನು ಬಗ್ಗಿ ಒಂದು ಸಸಿಯ ಎಲೆ ಮಗುಚಿದ.

ವಾರಿಜಾಳ ಕಣ್ಣು ಗೋಣಿಚೀಲದ ಮೇಲೆ ಬಿತ್ತು. "ಅದರಲ್ಲಿ ಎಂತ ಉಂಟು?"

"ಮಡಲು. ಇದು ಬೇರೆ ವಾರಿಜಕ್ಕ, ಇದರಲ್ಲಿ ಕಣಜ ಉಂಟು, ನೊಣವನ್ನು ಕೊಲ್ಲುವಂಥದ್ದು..."

"ಎಲ್ಲಿಯ ಮಡಲು?"

"ನಮ್ಮ ಮನೆಯದೇ."

ವಾರಿಜಾ ಕೂಗಾಡಲಿಲ್ಲ. "ಮೊದಲು ಹುಳ ತಂದಿರಿ. ಈಗ ಹುಳಕ್ಕೆ ಹುಳ ತಂದಿದ್ದೀರಿ," ಎಂದಳು. "ಇನ್ನು ಆ ಮನೆಯ ಒಂದು ಕಡ್ಡಿಯೂ ಈ ಅಂಗಳಕ್ಕೆ ಬೇಡ."

ನಾನು ತಂದದ್ದಲ್ಲ ಎಂಬ ಮಾತು ಜುಮಾನಾಳ ಬಾಯಿಯವರೆಗೆ ಬಂತು. ತಾನು ಸಂಜೆಯ ಬಸ್ಸು ಹತ್ತಿ ಹೋಗುವವಳು, ಇವನು ನಾಳೆಯೂ ಇದೇ ಬೇಲಿಯ ಆಚೆ ಏಳಬೇಕಾದವನು ಎಂದು ಅನಿಸಿತು. ನುಂಗಿಕೊಂಡಳು.

"ವಿಷ ಮಾತ್ರ ಹೊಡೆಯಬೇಡಿ. ಮತ್ತೆ ಬರುತ್ತದೆ. ಆಗ ಊರಿಗೆಲ್ಲ ಹರಡುತ್ತದೆ."

"ಅದನ್ನು ಇವನು ಹೇಳಲಿ," ಎಂದಳು ವಾರಿಜಾ. "ಮನೆ ಮನೆ ಸುತ್ತಿ ಊರು ಕಾದವನು ಇವನು. ವಿಠಲ, ಹೇಳು. ಇವರ ಮಡಲು ಕಟ್ಟುವುದಾ, ಮದ್ದು ಹೊಡೆಯುವುದಾ? ನೀನು ಕಟ್ಟು ಅಂದರೆ ಕಟ್ಟುತ್ತೇನೆ."

ಕಟ್ಟು ಎಂದರೆ ಅವಳು ಯಾಕೆ ಎನ್ನುವಳು. ಇಷ್ಟಾದ ಮೇಲೂ ಈ ಹುಡುಗಿಯನ್ನು ಯಾಕೆ ನಂಬುವುದು ಎನ್ನುವಳು. ಆಗ ಹೇಳಲೇಬೇಕಾಗುತ್ತಿತ್ತು.

"ಮದ್ದೇ ಹೊಡೆಯುವ, ಅಕ್ಕ," ಎಂದ ವಿಠಲ.

ಅವನೇ ಹೋಗಿ ಪಂಪು ತಂದ, ಅವನೇ ಬೆನ್ನಿಗೆ ಹಾಕಿಕೊಂಡ. ಜುಮಾನಾ ಚೀಲ ಎತ್ತಿಕೊಂಡು ರಸ್ತೆಗೆ ಬಂದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಮದ್ದಿನ ವಾಸನೆ ಗಾಳಿಯಲ್ಲಿ ಅಲ್ಲಿಯವರೆಗೂ ಬಂತು. ಅವಳು ಕಣಜವಿದ್ದ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಹಿಚುಕಿ ಹಿಡಿದು, ಗಾಳಿಗೆ ಬೆನ್ನು ಮಾಡಿ ನಿಂತಳು.