ಬಾವು ಇಳಿಯುವ ತನಕ ಬಿಚ್ಚಬಾರದು

ನಾನು ಒಂದು ಗುಂಡಿನ ಸರ. ಮೂವತ್ತೊಂಬತ್ತು ಗುಂಡು, ಒಂದು ಕೊಕ್ಕೆ. ಹೊರಗೆ ತೆಳುವಾದ ಬಂಗಾರ, ಒಳಗೆಲ್ಲ ಅರಗು. ನೋಡಿದವರು ಒಳಗೂ ಬಂಗಾರವೇ ಎಂದುಕೊಂಡರೆ ಅದು ಅವರ ತಪ್ಪು, ನನ್ನದಲ್ಲ.

ಮಳವಳ್ಳಿ ಪೇಟೆಯ ಆಚಾರಿಯೊಬ್ಬ ನನ್ನನ್ನು ಮಾಡಿದ. ಬೆಂಕಿಯಲ್ಲಿ ಕಾಯಿಸಿದ, ಇಕ್ಕಳದಲ್ಲಿ ಹಿಡಿದ, ಪುಟ್ಟ ಸುತ್ತಿಗೆಯಿಂದ ತಟ್ಟಿದ. ಏಟು ತಿಂದು ಹುಟ್ಟಿದ್ದಕ್ಕೋ ಏನೋ, ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಆದರೆ ನನ್ನ ಒಡತಿ ಸಣ್ಣತಾಯಮ್ಮನ ಮುಂದೆ ನನ್ನ ಸಿಟ್ಟು ಏನೂ ಅಲ್ಲ. ಮದುವೆಯ ದಿನ ನನ್ನನ್ನು ಹಾಕಿಕೊಂಡು ಹೊಸಮಾಳಕ್ಕೆ ಬಂದವಳು ಅವಳು. ಜಗಳಕ್ಕೆ ನಿಂತರೆ ಕತ್ತಿನ ನರ ಹಗ್ಗದಂತೆ ಉಬ್ಬಿ ನನ್ನನ್ನೇ ಮೇಲೆತ್ತುತ್ತಿತ್ತು.

ನಮ್ಮ ಕಡೆ ಮಂಗನಬಾವು ಬಂದರೆ ಕತ್ತಿಗೆ ಬಂಗಾರ ಹಾಕುತ್ತಾರೆ. ಜ್ವರ ಬಂದು ಕಿವಿಯ ಕೆಳಗೆ ಕೆನ್ನೆ ಊದಿಕೊಳ್ಳುವ ಕಾಯಿಲೆ ಅದು. ಬಂಗಾರ ಸೋಕಿದರೆ ಇಳಿಯುತ್ತದೆಂದು ನಂಬಿಕೆ. ಅದಕ್ಕೊಂದು ಕಟ್ಟಳೆಯೂ ಉಂಟು. ಬಾವು ಇಳಿಯುವ ತನಕ ಸರ ಬಿಚ್ಚಬಾರದು. ಆಗ ನಮ್ಮ ಕೇರಿಯಲ್ಲಿ ಕತ್ತಿಗೆ ಹಾಕುವಷ್ಟು ಬಂಗಾರ ಇದ್ದದ್ದು ಸಣ್ಣತಾಯಮ್ಮನ ಮನೆಯಲ್ಲಿ ಮಾತ್ರ. ಹಾಗಾಗಿ ನಾನು ಮನೆಯಿಂದ ಮನೆಗೆ, ಕತ್ತಿನಿಂದ ಕತ್ತಿಗೆ ತಿರುಗಿದೆ. ಹೀಗೆ ನಲವತ್ತು ವರ್ಷ.

ಅಷ್ಟು ಕತ್ತು ಸುತ್ತಿದ ಮೇಲೆ ಕಲ್ಲಿಗೂ ಬುದ್ಧಿ ಬರುತ್ತದೆ. ಮಂಗನಬಾವಾದರೆ ದವಡೆಯ ಮೂಲೆ ಮುಚ್ಚಿಹೋಗುತ್ತದೆ, ಕಿವಿಯ ಹಾಲೆ ಮೇಲೇಳುತ್ತದೆ, ಅಗಿಯುವಾಗ ಮಗು ಅಳುತ್ತದೆ. ಹಲ್ಲು ಹುಳುಕಾದರೆ ಗದ್ದದ ಕೆಳಗೆ ಅವರೆಕಾಳಿನಷ್ಟು ಗಂಟು. ತಲೆಯಲ್ಲಿ ಹುಣ್ಣಾದರೆ ಕಿವಿಯ ಹಿಂದೆ, ಹೆಕ್ಕತ್ತಿನಲ್ಲಿ ಸಣ್ಣ ಸಣ್ಣವು. ಮುಟ್ಟಿದರೆ ನೋಯುತ್ತವೆ, ಬೆರಳಿಗೆ ಸಿಕ್ಕಿ ಜಾರುತ್ತವೆ, ಕೆಲವು ದಿನಕ್ಕೆ ಕರಗುತ್ತವೆ.

ಇಳಿದಾಗಲೆಲ್ಲ ಹೆಸರು ನನಗೆ. ಬಂಗಾರ ಹಾಕದ ಮಕ್ಕಳಿಗೂ ಎಂಟು ಹತ್ತು ದಿನಕ್ಕೇ ಇಳಿಯುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನೂ ಸುಮ್ಮನಿದ್ದೆ. ಹೊಗಳಿಕೆ ಯಾರಿಗೆ ಬೇಡ?

ಒಂದು ವರ್ಷ ಚಂದ್ರಕಲಾಳ ಮಗಳಿಗೆ ಮಂಗನಬಾವು ಬಂತು. ಚಂದ್ರಕಲಾ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಾಯಿ ಮಗಳು ಬದುಕುತ್ತಿದ್ದದ್ದೇ ಆ ಕೆಲಸದ ಮೇಲೆ. ಒಂಬತ್ತನೆಯ ದಿನ ಮಗಳದು ಇಳಿಯಿತು. ಅದೇ ವಾರ ತಾಯಿಯ ಕತ್ತಿನ ಬಲಗಡೆ ಬಾವು ಕಂಡಿತು. ಮಗಳದು ತಾಯಿಗೆ ಅಂಟಿದೆ ಎಂದರು. ಶಾಲೆಯ ಮಕ್ಕಳಿಗೆಲ್ಲ ಆಗಲೇ ಬಂದುಹೋಗಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಗಳ ಕತ್ತಿನಿಂದ ಬಿಚ್ಚಿ ನನ್ನನ್ನು ತಾಯಿಯ ಕತ್ತಿಗೆ ಹಾಕಿದರು.

ಮೊದಲ ದಿನವೇ ನನಗೆ ಗೊತ್ತಾಯಿತು, ಇದು ಅದಲ್ಲ. ಕಿವಿಯ ಬುಡದಲ್ಲಿ ಏನೂ ಇರಲಿಲ್ಲ. ಗಂಟುಗಳಿದ್ದದ್ದು ಕೆಳಗೆ, ಕತ್ತಿನ ಪಕ್ಕದಲ್ಲಿ, ಕೊರಳೆಲುಬಿನ ಹತ್ತಿರ. ಮೂರು ಗಂಟು, ಹುಣಸೆಹಣ್ಣಿನೊಳಗಿನ ಬೀಜದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಜಾರುತ್ತಿರಲಿಲ್ಲ, ನೋಯುತ್ತಲೂ ಇರಲಿಲ್ಲ. ಸಂಜೆಯಾದರೆ ಅವಳ ಮೈ ಬೆಚ್ಚಗಾಗುತ್ತಿತ್ತು. ಬೆಳಗಾಗುವಷ್ಟರಲ್ಲಿ ನಾನು ಬೆವರಿನಲ್ಲಿ ತೊಯ್ದಿರುತ್ತಿದ್ದೆ. ವಾರದಿಂದ ವಾರಕ್ಕೆ ಕತ್ತು ಸಣ್ಣಗಾಗಿ ನಾನು ಕೆಳಕ್ಕೆ ಜಾರಿದೆ.

ಮೂರನೆಯ ವಾರಕ್ಕೆ ಅವಳಿಗೂ ಗೊತ್ತಾಯಿತು. ಒಬ್ಬಳೇ ಕೂತು ಗಂಟು ಮುಟ್ಟಿ ನೋಡಿಕೊಂಡಳು, ನನ್ನನ್ನು ಅದರ ಮೇಲೆ ಸರಿಯಾಗಿ ಎಳೆದುಕೊಂಡಳು, ಸೆರಗು ಹೊದ್ದಳು.

"ಇನ್ನೂವೆ ಇಳೀನಿಲ್ವಾ ಚಂದ್ರಿ?" ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ, "ಸರ ಹಾಕಿವ್ನಲ್ಲಕ್ಕ, ಇಳೀತದೆ" ಎನ್ನುತ್ತಿದ್ದಳು.

ಮದ್ದು ಎಂದು ಹೋದ ನಾನು ಮುಚ್ಚಳವಾದೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಸರಕ್ಕೆ ಬಾಯಿ ಎಲ್ಲಿದೆ?

ಬಾಯಿ ಇದ್ದವಳು ಆರನೆಯ ವಾರ ಬಂದಳು. ಚಂದ್ರಕಲಾ ಶಾಲೆಯ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ಸಣ್ಣತಾಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನಮ್ಮೀ, ನನ್ ಸರಕ್ಕೂ ನಿನ್ ಕತ್ಗೂ ಮದ್ವೆ ಮಾಡ್ಬುಟ್ಟಾ?"

"ಇಳೀನಿಲ್ಲ ಕನ ದೊಡ್ಡವ್ವ. ಇಳಿಯೋಗಂಟ ಬಿಚ್ಬಾರ್ದು ಅಂತ ನೀನೇ ಹೇಳ್ತಿದ್ದೆ."

"ನಲವತ್ತು ವರ್ಸದಿಂದ ಊರ್ ಕತ್ಗೆಲ್ಲ ಹಾಕಿವ್ನಿ. ಹತ್ತು ದಿನಕ್ಕೆ ಇಳೀದಿರೋ ಮಂಗನ್ ಬಾವ ನಾ ಕಂಡೇ ಇಲ್ಲ. ಯಾವ್ ಮಂಗ ಆರು ವಾರ ಒಂದೇ ಕಡೆ ಕೂತಿರ್ತದೆ? ಬಿಚ್ಚು!"

ಅವಳೇ ಕೊಕ್ಕೆಗೆ ಕೈ ಹಾಕಿದಳು. ಚಂದ್ರಕಲಾ ಎರಡೂ ಮುಷ್ಟಿಯಲ್ಲಿ ನನ್ನನ್ನು ಹಿಡಿದುಕೊಂಡಳು.

"ಬ್ಯಾಡ ದೊಡ್ಡವ್ವ. ಇದ ತಗುದ್ರೆ ಗಂಟು ಕಾಣ್ತದೆ. ಕೆಲ್ಸ ಹೋಯ್ತದೆ ನಂದು."

ಸಣ್ಣತಾಯಮ್ಮನ ಬೆರಳು ನನ್ನ ಅಡಿಗೆ ಹೋಗಿ ಗಂಟಿನ ಮೇಲೆ ನಿಂತಿತು. ಮೂರನ್ನೂ ಒಂದೊಂದಾಗಿ ಒತ್ತಿ ನೋಡಿದಳು.

"ನೋಯ್ತದಾ?"

"ಇಲ್ಲ."

"ನೋಯ್ದೆ ಇರೋದ್ಕೇ ಹೆದರ್ಕಬೇಕು ಕನೆ ಕತ್ತೆ. ಕೆಲ್ಸ ಹೋಯ್ತದಂತೆ, ಕೆಲ್ಸ! ನೀನೇ ಹೋದ್ರೆ ಮಗೀಗೆ ಯಾರು ಗತಿ? ನಡಿ."

ರೆಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ಊರ ಉಪಕೇಂದ್ರದಲ್ಲಿ ಹೇಮಾವತಿ ಎಂಬ ನರ್ಸಮ್ಮ ಇದ್ದಳು. ನೋಡಿದ ಕೂಡಲೇ, "ಮೊದಲು ಸರ ಬಿಚ್ಚಿ" ಎಂದಳು.

"ಕಟ್ಳೆ ಅದೆ ಕನಮ್ಮ..." ಎಂದು ಚಂದ್ರಕಲಾ ರಾಗ ಎಳೆದಳು.

"ಸರದ ಮೇಲೆ ಕೈಯಾಡಿಸಿದರೆ ನನಗೆ ಗುಂಡು ಸಿಗುತ್ತೆ, ಗಂಟು ಸಿಗಲ್ಲ."

ಸಣ್ಣತಾಯಮ್ಮ ಮುಂದೆ ಬಂದು ತನ್ನ ಕೈಯಿಂದಲೇ ಕೊಕ್ಕೆ ಕಳಚಿ ನನ್ನನ್ನು ಮೇಜಿನ ಮೇಲಿಟ್ಟಳು. ಜೀವಮಾನವೆಲ್ಲ ಗದ್ದದ ಕೆಳಗೇ ಬದುಕಿದ ನಾನು ಚಂದ್ರಕಲಾಳ ಮುಖವನ್ನು ಪೂರ್ತಿಯಾಗಿ ನೋಡಿದ್ದು ಆಗಲೇ. ಎಷ್ಟು ಬಿಳಿಚಿಕೊಂಡಿದ್ದಳು! ಆರು ವಾರ ಮೈಗೆ ಅಂಟಿಕೊಂಡಿದ್ದರೂ ನನಗೆ ಅದು ಗೊತ್ತಿರಲಿಲ್ಲ.

ನರ್ಸಮ್ಮ ಕೈ ತೊಳೆದು ಬಂದಳು. ಮೊದಲು ಮುಟ್ಟದೆ ಸುಮ್ಮನೆ ನೋಡಿದಳು, ಮುಖದ ಎರಡು ಬದಿಯೂ ಒಂದೇ ಸಮ ಇದೆಯೇ ಎಂದು. ಹುಬ್ಬೇರಿಸಲು ಹೇಳಿದಳು, ಹಲ್ಲು ತೋರಿಸಲು ಹೇಳಿದಳು. ಕೂದಲು ಬಿಡಿಸಿ ತಲೆಯಲ್ಲಿ ಹುಣ್ಣು ಹುಡುಕಿದಳು, ಇರಲಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದಳು, ರಕ್ತವೇ ಇಲ್ಲದ ಬಣ್ಣ. ಬಾಯಿಗೆ ಟಾರ್ಚ್ ಬಿಟ್ಟಳು, ಹಲ್ಲು ಗಂಟಲು ಚೆನ್ನಾಗಿದ್ದವು. ಆಮೇಲೆ ಹಿಂದೆ ಹೋಗಿ ನಿಂತು, ತಲೆಯನ್ನು ಸ್ವಲ್ಪ ಬಗ್ಗಿಸಿ, ಎರಡೂ ಕೈಯ ಬೆರಳ ತುದಿಯನ್ನು ಮೆತ್ತಗೆ ಸುತ್ತಿಸುತ್ತ ಇಳಿದಳು. ಕಿವಿಯ ಮುಂದೆ, ಹಿಂದೆ, ಹೆಕ್ಕತ್ತು, ದವಡೆಯ ಅಡಿ, ಗದ್ದದ ಅಡಿ, ಕತ್ತಿನ ಪಕ್ಕ, ಕೊರಳೆಲುಬಿನ ಮೇಲೆ. ಎಡಗೈ ಸರಾಗವಾಗಿ ಇಳಿಯಿತು. ಬಲಗೈ ನಿಂತಿತು. ಗಂಟನ್ನು ಅಲುಗಿಸಿ ನೋಡಿದಳು, ಟೇಪು ಹಿಡಿದು ಅಳೆದಳು.

"ಸಂಜೆ ಹೊತ್ತು ಜ್ವರ ಬರುತ್ತಾ?"

ಚಂದ್ರಕಲಾ ನೆಲ ನೋಡಿದಳು.

"ಬಾಯ್ಬುಡಮ್ಮೀ!" ಎಂದು ಸಣ್ಣತಾಯಮ್ಮ ಗದರಿದಳು.

"ಬತ್ತದೆ. ದಿಂಬೆಲ್ಲ ಬೆವರ್ಗೆ ನೆಂದೋಯ್ತದೆ" ಎನ್ನುತ್ತ ಚಂದ್ರಕಲಾ ಅತ್ತುಬಿಟ್ಟಳು.

ನರ್ಸಮ್ಮ ದೊಡ್ಡಾಸ್ಪತ್ರೆಗೆ ಚೀಟಿ ಬರೆಯುವಾಗ ಸಣ್ಣತಾಯಮ್ಮ ಮೆಲ್ಲಗೆ ಕೇಳಿದಳು, "ಹಂಗಾರೆ ನನ್ ಸರದ ಸಕ್ತಿ ಹೋಯ್ತಾ?"

"ಇದ್ದಿದ್ದರೆ ತಾನೆ ಹೋಗೋಕೆ?"

ಸಣ್ಣತಾಯಮ್ಮನ ನರ ಉಬ್ಬಿತು. ನನ್ನನ್ನು ಮೇಜಿನಿಂದ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ದೊಡ್ಡಾಸ್ಪತ್ರೆಯಲ್ಲಿ ಗಂಟಿಗೆ ಸೂಜಿ ಹಾಕಿ ನೋಡಿದರು, ಎದೆಯ ಎಕ್ಸ್‌ರೇ ತೆಗೆದರು. ಎದೆ ಶುದ್ಧವಾಗಿತ್ತು. ಕತ್ತಿನ ಗಂಟಿನಲ್ಲಿ ಕ್ಷಯ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿ. ಇದು ಎದೆಯದಲ್ಲ, ಬೇರೆಯವರಿಗೆ ಹರಡುವುದಿಲ್ಲ, ಅಡುಗೆ ಮಾಡಬಹುದು ಎಂದು ನರ್ಸಮ್ಮ ಶಾಲೆಗೆ ಬಂದು ಹೇಳಿದಳು. ಊರು ಕೇಳಬೇಕಲ್ಲ! ಮರುದಿನವೇ ನಾಲ್ಕು ಜನ ತಾಯಂದಿರು ಶಾಲೆಯ ಜಗಲಿಗೆ ಬಂದರು. ಕ್ಷಯದವಳ ಕೈಯೂಟ ನಮ್ಮ ಮಕ್ಕಳಿಗೆ ಬೇಡ ಎಂದರು. ಮೇಷ್ಟ್ರು ತಲೆ ಕೆರೆದುಕೊಂಡರು.

ಅಷ್ಟರಲ್ಲಿ ಸಣ್ಣತಾಯಮ್ಮ ನನ್ನನ್ನು ಹಾಕಿಕೊಂಡು ಬಂದಳು. ಯಾರನ್ನೂ ಕೇಳದೆ ಮಕ್ಕಳ ಸಾಲಿನಲ್ಲಿ ಕುಳಿತು ತಟ್ಟೆ ಎಳೆದುಕೊಂಡಳು.

"ಬಡ್ಸು."

ಚಂದ್ರಕಲಾ ಅಲ್ಲಾಡಲಿಲ್ಲ.

"ಕಾಯ್ಲೆಯೋರ ಕತ್ತಿಂದ ಬಿಚ್ಚಿದ್ ಸರವ ನಿಮ್ ಮಕ್ಳ ಕತ್ಗೆ ಹಾಕ್ಬುಟ್ಟೆ. ತೊಳ್ದಿದ್ದೀಯಾ ಅಂತ ಒಬ್ಳಾದ್ರೂ ಕೇಳಿದ್ರಾ? ಈಗ ಅನ್ನಕ್ಕೆ ಬಂದವ್ರೆ!" ಎಂದು ಆ ತಾಯಂದಿರ ಕಡೆ ತಿರುಗಿ ಗುಡುಗಿದಳು. "ಬಡ್ಸು ಅಂದ್ನಲ್ಲಮ್ಮೀ!"

ಚಂದ್ರಕಲಾ ಸೌಟು ಎತ್ತಿದಳು. ಅನ್ನ ಬಿತ್ತು, ಸಾರು ಬಿತ್ತು. ಸಣ್ಣತಾಯಮ್ಮ ಕಲಸಿ ಬಾಯಿಗಿಟ್ಟಳು. ಎಲ್ಲರೂ ಅವಳ ಗಂಟಲನ್ನೇ ನೋಡುತ್ತಿದ್ದರು. ತುತ್ತು ನನ್ನ ಹಿಂದೆಯೇ ಇಳಿದುಹೋಯಿತು.

"ಉಪ್ಪು ಜಾಸ್ತಿ ಆಗದೆ. ತಗುದ್ರೆ ನಿನ್ನ ಇದ್ಕೆ ತಗೀಬೇಕು ಕೆಲ್ಸದಿಂದ" ಎಂದಳು. ಮಕ್ಕಳು ಗೊಳ್ಳೆಂದು ನಕ್ಕರು. ಒಂದು ಮಗು ತಟ್ಟೆ ಮುಂದೆ ಚಾಚಿತು. ಅದರ ತಾಯಿ ಜಗಲಿಯಲ್ಲೇ ನಿಂತಿದ್ದಳು, ಬೇಡ ಎನ್ನಲಿಲ್ಲ.

ಆರು ತಿಂಗಳಲ್ಲಿ ಗಂಟು ಕರಗಿದವಂತೆ. ನಾನು ನೋಡಲಿಲ್ಲ, ಕೇಳಿದ್ದು. ಈಗ ನನ್ನ ಕೊಕ್ಕೆ ಸವೆದಿದೆ. ಸೀರೆಯ ಮಡಿಕೆಯೊಳಗೆ ಒಂದು ಡಬ್ಬಿಯಲ್ಲಿ ಬಿದ್ದಿದ್ದೇನೆ. ಯಾರಾದರೂ ಸರ ಕೇಳಲು ಬಂದರೆ ಸಣ್ಣತಾಯಮ್ಮ, "ಮೊದ್ಲು ನರ್ಸಮ್ಮನ ತಾವ ಹೋಗ್ ಬಾ" ಎಂದು ಓಡಿಸುತ್ತಾಳೆ. ಹೋದವರು ಯಾರೂ ಮತ್ತೆ ಸರಕ್ಕೆ ಬರುವುದಿಲ್ಲ.

ನನಗೆ ಬೇಸರವಿಲ್ಲ. ಎಷ್ಟೋ ಕತ್ತುಗಳನ್ನು ಏರಿ ಹೆಸರು ಪಡೆದೆ. ಕೆಲಸಕ್ಕೆ ಬಂದದ್ದು ಒಂದು ಕತ್ತಿನಿಂದ ಇಳಿದ ದಿನ.