ಪುಷ್ಪಾ ಮತ್ತೆ ರಮ್ಮಿಗೆ ಕೂತಳು

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದಾಗ ಪುಷ್ಪಾ ರಮ್ಮಿಗೆ ಕೂತರೆ ಎದುರಿನವರು ಹುಷಾರಾಗುತ್ತಿದ್ದರು. ನೆರೆಮನೆಯ ಕರೀಮಾಬಿ, ತುಂಗಮ್ಮ, ಅವಳು, ಮೂವರದೂ ಇಪ್ಪತ್ತು ವರ್ಷದ ಭಾನುವಾರದ ಆಟ. ನಾಲ್ಕು ವರ್ಷದ ಹಿಂದೆ ಕಣ್ಣಿನ ನರ ಸೋತು ಪುಷ್ಪಾಗೆ ಏನೂ ಕಾಣದಾಯಿತು. ಶಿವಮೊಗ್ಗದ ಮಗಳ ಮನೆ ಸೇರಿದಳು. ನೋಡಲು ಬಂದ ತುಂಗಮ್ಮ, "ನಿನ್ನ ಎಲೆ ನಾನು ನೋಡಿ ಹೇಳ್ತೀನಿ, ಆಡು" ಎಂದಿದ್ದಳು. ಎಲೆ ಇನ್ನೊಬ್ಬರಿಗೆ ಗೊತ್ತಾದ ಮೇಲೆ ಅದೆಂಥ ಆಟ? ಪುಷ್ಪಾ ಒಪ್ಪಲಿಲ್ಲ. ಬರಬರುತ್ತಾ ಆರೋಗ್ಯ ವಿಚಾರಿಸುವ ಫೋನಷ್ಟೇ ಉಳಿಯಿತು.

ಈ ಬೇಸಿಗೆಯಲ್ಲಿ ಮಗಳು ಸೌಂದರ್ಯ ಕ್ಯಾಮೆರಾ ಇರುವ ಕನ್ನಡಕ ತಂದಳು. ಫೋನಿಗೆ ಜೋಡಿಸಿ ಗುಂಡಿ ಒತ್ತಿದರೆ ಎದುರಿಗೆ ಹಿಡಿದದ್ದನ್ನು ಇಯರ್‌ಫೋನಿನಲ್ಲಿ ಹೇಳುತ್ತಿತ್ತು. ಅವಳು ಕೊಟ್ಟದ್ದು ಔಷಧಿ ಚೀಟಿ ಓದಿಸಿಕೊಳ್ಳಲೆಂದು. ಪುಷ್ಪಾ ಮೂರನೇ ದಿನವೇ ಇಸ್ಪೀಟ್ ಕಟ್ಟು ಹುಡುಕಿಸಿದಳು. ವಾರವಿಡೀ ಒಬ್ಬಳೇ ಕೂತು ಎಲೆ ಹಿಡಿಯುವುದನ್ನು ರೂಢಿ ಮಾಡಿಕೊಂಡಳು.

ಗೆಳತಿಯರಿಗೆ ಮೊದಲೇ ಫೋನ್ ಮಾಡಿ, ಭಾನುವಾರ ಬಿಳಿಕೋಲು ಹಿಡಿದು ಭದ್ರಾವತಿ ಬಸ್ಸು ಹತ್ತಿದಳು. ಕರೀಮಾಬಿ ಸ್ಟಾಪಿಗೇ ಬಂದು ಕೈ ಹಿಡಿದು ತನ್ನ ಮನೆಗೆ ಕರೆದೊಯ್ದಳು. ತುಂಗಮ್ಮ ಆಗಲೇ ಬಂದು ಕೂತಿದ್ದಳು.

ಎಲೆ ಹಂಚಿದರು. ಪುಷ್ಪಾ ಗತ್ತಿನಿಂದ ಗುಂಡಿ ಒತ್ತಿದಳು.

"ಕಳಾವರ್ ರಾಣಿ. ಇಸ್ಪೀಟ್ ಏಳು. ಇಸ್ಪೀಟ್ ಎಂಟು..."

ದನಿ ಬಂದದ್ದು ಕಿವಿಯಲ್ಲಲ್ಲ, ಚೀಲದೊಳಗಿನ ಫೋನಿನಿಂದ.

"ಮಾರಾಯ್ತಿ, ನಮಗೂ ಕೇಳ್ತಿದೆ" ಎಂದಳು ತುಂಗಮ್ಮ.

"ಯಾಕೆ ಹೇಳ್ದೆ? ಇನ್ನೆರಡು ಎಲೆ ಕೇಳ್ಕೋತಿದ್ದೆ" ಎಂದಳು ಕರೀಮಾಬಿ.

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಯರ್‌ಫೋನ್ ಸರಿಮಾಡಿ, ಎಲೆ ಕಲಸಿ ಮತ್ತೆ ಹಂಚಿದರು. ಎಸೆದ ಎಲೆಯ ಹೆಸರು ಬಾಯಲ್ಲಿ ಹೇಳಬೇಕೆಂದು ಹೊಸ ನಿಯಮವಾಯಿತು.

ಮೊದಲೆರಡು ಆಟ ಪುಷ್ಪಾ ಸೋತಳು. ಮೂರನೆಯದರಲ್ಲಿ ಗೆಲ್ಲಲು ಅವಳಿಗೆ ಬೇಕಿದ್ದದ್ದು ಆಟೀನ್ ಒಂಬತ್ತು ಒಂದೇ. ಮುಖದಲ್ಲಿ ಏನೂ ತೋರಗೊಡದೆ ಕಾದಳು.

"ಆಟೀನ್ ಒಂಬತ್ತು" ಎನ್ನುತ್ತಾ ಕರೀಮಾಬಿ ಎಲೆ ಬಿಟ್ಟಳು.

"ಶೋ" ಎಂದಳು ಪುಷ್ಪಾ, ಅದನ್ನೆತ್ತಿಕೊಂಡು ತನ್ನ ಎಲೆಗಳನ್ನು ಹರಡುತ್ತಾ.

ತುಂಗಮ್ಮ ಹದಿಮೂರೂ ಎಲೆ ಎರಡು ಸಲ ನೋಡಿದಳು. "ಸರಿ ಇದೆ."

"ಪಾಪ ಅಂತ ಸಡಿಲ ಬಿಟ್ಟಿದ್ದೆ. ಇನ್ಮೇಲೆ ಬಿಡಲ್ಲ" ಎಂದು ಕರೀಮಾಬಿ ಕಟ್ಟನ್ನು ನೆಲಕ್ಕೆ ಕುಕ್ಕಿದಳು. ನಾಲ್ಕು ವರ್ಷದಲ್ಲಿ ಪುಷ್ಪಾ ಕೇಳಿದ ಅತಿ ಒಳ್ಳೆಯ ಮಾತು ಅದು.

ಅಷ್ಟರಲ್ಲಿ ಸೌಂದರ್ಯಳ ಫೋನು ಬಂತು. "ಅಮ್ಮಾ, ಯಾವ ಬಸ್ಸಿಗೆ ಹೊರಡ್ತೀಯ?"

"ಆಮೇಲೆ ಹೇಳ್ತೀನಿ, ಇಡು" ಎಂದಳು ಪುಷ್ಪಾ. "ಎಲೆ ಹಂಚ್ತಿದಾರೆ."